ನಂದಿಯ ಮೆಟ್ಟಿಲ ಹಾದಿ

ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರು ದೂರದ ನಂದಿಬೆಟ್ಟಕ್ಕೆ ಮೋಟಾರಿನಲ್ಲಿ ಹೋಗಿ, ಮಂಜು ನೋಡಿ, ತಿಂಡಿ ತಿಂದು ಮರಳುವವರೇ ಬಹುಮಂದಿ. ಓಟದ ಹವ್ಯಾಸವುಳ್ಳವರಿಗೆ ಬೇರೊಂದು ಹಾದಿಯುಂಟು.

ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯಿಂದ ಬೆಟ್ಟದ ಬುಡದ ಸುಲ್ತಾನ್‌ಪೇಟೆಯವರೆಗೆ ನಿಧಾನವಾಗಿ ಓಡಿದರೆ ಕಾಲು ಹದಕ್ಕೆ ಬರುತ್ತದೆ. ಅಲ್ಲಿಂದ ಕೋಟೆಗೆ ಸಾವಿರಕ್ಕೂ ಮಿಕ್ಕ ಕಲ್ಲುಮೆಟ್ಟಿಲು. ಒಂದೊಂದರ ಎತ್ತರ ಒಂದೊಂದು ಬಗೆ. ಉಸಿರಿಗೆ ಲಯವೇ ಸಿಗದು. ಓಡಿಯೇ ಏರುವೆನೆಂಬ ಹಮ್ಮು ಮೊದಲ ನೂರರಲ್ಲಿಯೇ ಕರಗುತ್ತದೆ. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಹಿಡಿಯಲು ವಾರಗಟ್ಟಲೆ ಹೆಣಗಿತೆಂಬುದನ್ನು ನೆನೆದರೆ, ನಡುವೆ ಕುಳಿತು ದಣಿವಾರಿಸಿಕೊಳ್ಳಲು ನಾಚಿಕೆಯೇನೂ ಬೇಕಿಲ್ಲ.

ನಿಜವಾದ ಅಪಾಯವಿರುವುದು ಇಳಿಯುವಾಗ. ಮೈಭಾರವೆಲ್ಲ ಮಂಡಿಯ ಮೇಲೆ. ಮಳೆಗಾಲವಾದರೆ ಕಲ್ಲಿನ ಮೇಲೆ ಪಾಚಿ ಬೇರೆ. ಮೆಟ್ಟಿಲಿನಲ್ಲಿ ಏರಿ ಡಾಂಬರು ರಸ್ತೆಯಲ್ಲಿ ಇಳಿಯುವುದು ಜಾಣತನ. ಆದರೆ ರಜಾದಿನಗಳಲ್ಲಿ ಅದರ ತಿರುವುಗಳೆಲ್ಲ ವಾಹನಗಳ ಪಾಲು, ಕಾಲ್ನಡಿಗೆಯವನನ್ನು ಕೇಳುವವರಿಲ್ಲ. ವಾರದ ನಡುವಣ ದಿನವೇ ಲೇಸು.

೧೯೨೭ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿ ಚೇತರಿಸಿಕೊಳ್ಳಲು ತಂಗಿದ್ದುದು ಈ ಬೆಟ್ಟದ ಮೇಲೆಯೇ. ಸಮುದ್ರಮಟ್ಟದಿಂದ ೪,೮೫೧ ಅಡಿ ಎತ್ತರದ ಗಾಳಿ ಅಷ್ಟು ಹಿತವೇನೋ ಹೌದು. ಬೆವೆತ ಮೈಗೆ ಮಾತ್ರ ಥಟ್ಟನೆ ತಗಲುತ್ತದೆ. ಒಣಗಿದ ಅಂಗಿಯೊಂದು ಚೀಲದಲ್ಲಿರಲಿ.