ಮಗು ಯಾರ ಸ್ವತ್ತು?

ಶಾಲೆಯ ಪ್ರವೇಶ ಅರ್ಜಿಗೆ ಸಹಿ ಹಾಕುವ ತಂದೆತಾಯಿಯರಲ್ಲಿ ಆ ಸಹಿಯ ಬೆಲೆಯನ್ನು ಅರಿತವರು ವಿರಳ. ಮಗುವಿನ ಶಿಕ್ಷಣದ ಮೊದಲ ಹೊಣೆ ಸರಕಾರದ್ದೋ ಹೆತ್ತವರದೋ ಎಂಬ ಹಳೆಯ ಪ್ರಶ್ನೆ ಅದರ ಹಿಂದಿದೆ.

ಅಮೆರಿಕದ ಓರೆಗಾನ್ ರಾಜ್ಯದ ಮತದಾರರು 1922ರಲ್ಲಿ ಒಂದು ಕಾಯಿದೆಗೆ ಒಪ್ಪಿಗೆಯಿತ್ತರು. ಎಂಟರಿಂದ ಹದಿನಾರು ವಯಸ್ಸಿನ ಬಹುತೇಕ ಎಲ್ಲ ಮಕ್ಕಳೂ ಸರಕಾರಿ ಶಾಲೆಗೇ ಹೋಗಬೇಕೆಂಬುದು ಅದರ ಆಜ್ಞೆ. ಶಾಲೆಗಳನ್ನು ನಡೆಸುತ್ತಿದ್ದ ಕಥೋಲಿಕ ಧರ್ಮಭಗಿನಿಯರ ಸಭೆಯೊಂದು ನ್ಯಾಯಾಲಯದ ಮೆಟ್ಟಿಲೇರಿತು. 1925ರ ಜೂನ್ 1ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ಕಾಯಿದೆಯನ್ನು ತಳ್ಳಿಹಾಕಿತು. ಶಾಲೆಗಳನ್ನು ಪರಿಶೀಲಿಸುವ ಅಧಿಕಾರ ಸರಕಾರಕ್ಕುಂಟು. ಆದರೆ ಮಗು ಸರಕಾರದ ಸೃಷ್ಟಿಯಲ್ಲ ಎಂಬುದು ಆ ತೀರ್ಪಿನ ತಿರುಳು.

ನಮ್ಮ ದೇಶದ ಕಾನೂನೂ ಹೆತ್ತವರ ಮಾತಿಗೆ ಮನ್ನಣೆ ನೀಡಿದೆ. ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕ ಸರಕಾರದ 1994ರ ಆದೇಶದ ವ್ಯಾಜ್ಯದಲ್ಲಿ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪೋಷಕರದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದೇ ಅರ್ಜಿಯ ಮುಂದುವರಿದ ಭಾಗವಾಗಿ 2018ರಲ್ಲಿ ಬಂದ ತೀರ್ಪು, ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದಿತು. ಮಕ್ಕಳ ಆಧಾರ್ ನೋಂದಣಿಗೆ ಪೋಷಕರ ಸಮ್ಮತಿ ಬೇಕು. ಪ್ರಾಪ್ತ ವಯಸ್ಕರಾದ ಮೇಲೆ ಅದರಿಂದ ಹೊರಬರುವ ಅವಕಾಶ ಆ ಮಕ್ಕಳಿಗೇ ಇರಬೇಕು ಎಂದೂ ಹೇಳಿತು.

ಈ ಕೊನೆಯ ಮಾತನ್ನು ಗಮನಿಸಿರಿ. ಹೆತ್ತವರ ಹಕ್ಕು ಒಡೆತನವಲ್ಲ. ಮಗು ಸರಕಾರದ ಸ್ವತ್ತೂ ಅಲ್ಲ, ನಮ್ಮ ಸ್ವತ್ತೂ ಅಲ್ಲ; ತನಗಾಗಿ ತಾನೇ ನಿರ್ಧರಿಸಬಲ್ಲ ದಿನ ಬರುವವರೆಗೆ ನಮ್ಮ ಕೈಗೆ ಒಪ್ಪಿಸಲ್ಪಟ್ಟ ವ್ಯಕ್ತಿ. ಹೆತ್ತವರೇ ಮಕ್ಕಳ ಮೊದಲ ಗುರುಗಳೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿದಾಗ, ಅದು ಹಕ್ಕಿನೊಡನೆ ಕರ್ತವ್ಯವನ್ನೂ ನೆನಪಿಸಿತು.

ಈ ನ್ಯಾಯ ನಮ್ಮವರಿಗೆ ಮಾತ್ರ ಮೀಸಲಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಧರ್ಮಬೋಧನೆಗಾಗಲಿ ಉಪಾಸನೆಗಾಗಲಿ ಒತ್ತಾಯಿಸುವಂತಿಲ್ಲವೆಂದು ಸಂವಿಧಾನದ 28(3)ನೆಯ ವಿಧಿ ಹೇಳುತ್ತದೆ. ನಮ್ಮ ಶಾಲೆಗಳಿಗೆ ಬರುವ ಅನ್ಯಧರ್ಮೀಯ ಮಕ್ಕಳ ಹೆತ್ತವರಿಗೂ ಈ ರಕ್ಷಣೆ ಸಲ್ಲುತ್ತದೆ. ಓರೆಗಾನಿನಲ್ಲಿ ನಾವು ಬೇಡಿದ್ದನ್ನು ಇಲ್ಲಿ ಅವರಿಗೆ ನಿರಾಕರಿಸಲಾಗದು.

ಆದ್ದರಿಂದ ಪ್ರಿಯ ತಂದೆತಾಯಿಯರೇ, ಅರ್ಜಿಯನ್ನು ಪೂರ್ತಿ ಓದಿರಿ. ಮಗುವಿನ ಯಾವ ವಿವರವನ್ನು ಏಕೆ ಕೇಳುತ್ತಾರೆಂದು ವಿನಯದಿಂದ ವಿಚಾರಿಸಿರಿ. ಅನಂತರವೇ ಸಹಿ ಮಾಡಿರಿ.