ಮಚ್ಚೆಯಿಲ್ಲದ ಕರುವಿಗೆ ಕಣದಲ್ಲಿ ಸ್ಥಳವೆಲ್ಲಿ?

ಕೆಲವು ವರ್ಷಗಳ ಹಿಂದೆ ಹನೂರು ಸೀಮೆಯ ಒಂದು ಜಾತ್ರೆಯಲ್ಲಿ ಉತ್ತಮ ರಾಸುಗಳ ಸ್ಪರ್ಧೆ ನಡೆಯಿತು. ಅತಿಥಿಗಳ ಸಾಲಿನಲ್ಲಿ ನಾವೂ ಕುಳಿತಿದ್ದೆವು. ಲೊಕ್ಕನಹಳ್ಳಿಯ ಕಡೆಯ ಒಂದು ಶರಣ ಕುಟುಂಬದವರು ಬರ್ಗೂರು ತಳಿಯ ತಾಯಿ ಹಸುವನ್ನೂ ಅದರ ಮಗಳಾದ ಪಡ್ಡೆಯನ್ನೂ ಹಿಡಿದು ತಂದಿದ್ದರು. ತಾಯಿಯ ಮೈ ಕಂದು. ಅದರ ಮೇಲೆ ಸುಣ್ಣ ಎರಚಿದಂತೆ ಬಿಳಿಯ ಮಚ್ಚೆಗಳು. ಪಡ್ಡೆಯಾದರೋ ಕೊಂಬಿನ ಬುಡದಿಂದ ಗೊರಸಿನವರೆಗೆ ಒಂದೇ ಕಡುಗಂದು. ತೀರ್ಪುಗಾರರು ತಾಯಿಯನ್ನು ಮೆಚ್ಚಿಕೊಂಡು, ಪಡ್ಡೆಯತ್ತ ಒಂದು ನೋಟ ಬೀರಿ, 'ಇದು ಬರ್ಗೂರಲ್ಲ, ಆಚೆ ಕಟ್ಟಿ' ಎಂದರು. ಅದನ್ನು ಮೇಯಿಸಿ ಬೆಳೆಸಿದ್ದ ಆ ಮನೆಯ ಹುಡುಗಿ, 'ತಾಯಿ ಪಕ್ಕದಲ್ಲೇ ಇದೆಯಲ್ಲ ಸ್ವಾಮಿ' ಎಂದಳು. ಉತ್ತರ ದೊರೆಯಲಿಲ್ಲ. ಮುಂದಿನ ಸಂತೆಯಲ್ಲಿ ಆ ಪಡ್ಡೆ ಬಂದ ಬೆಲೆಗೆ ಮಾರಾಟವಾಯಿತೆಂದು ಅನಂತರ ತಿಳಿಯಿತು.

ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಮಚ್ಚೆಯೇ ಹೆಸರಾದ ತಳಿಯಲ್ಲಿ ಮಚ್ಚೆಯಿಲ್ಲದೆ ಹುಟ್ಟಿದ ಪ್ರಾಣಿ ಆ ತಳಿಗೆ ಸೇರಿದುದೇ, ಅಲ್ಲವೇ? ಅದನ್ನು ಸ್ಪರ್ಧೆಯ ಕಣಕ್ಕೆ ಬಿಡಬೇಕೇ, ಬೇಡವೇ?

ಬರ್ಗೂರು ದನ ನಮಗೆ ಪರಕೀಯವಾದುದಲ್ಲ. ರಾಮಾಪುರದಿಂದ ಗರಿಕೆಕಂಡಿಯ ದಾರಿಯಾಗಿ ಗಡಿ ದಾಟಿದರೆ ಬರ್ಗೂರು ಬೆಟ್ಟಗಳು. ಈಗಿನ ತಮಿಳುನಾಡಿನ ಈರೋಡು ಜಿಲ್ಲೆ, ಅಂದಿಯೂರು ತಾಲ್ಲೂಕು. ಅಲ್ಲಿ ಈ ದನಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರು ಕನ್ನಡ ಮಾತನಾಡುವ ಲಿಂಗಾಯತ ಮನೆತನಗಳವರು, ಮಾದಪ್ಪನ ಒಕ್ಕಲು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ, ದನಕ್ಕೂ ದನಗಾಹಿಗೂ ನಡುವೆ ಗೆರೆ ಬಿದ್ದುದು ತೀರ ಈಚೆಗೆ ಎಂಬುದು ಮನದಟ್ಟಾಗುತ್ತದೆ. ಕಾಡಿನ ದೊಡ್ಡಿಗಳಲ್ಲಿ ಅರೆಗಾಡು ರೀತಿಯಲ್ಲಿ ಬೆಳೆಯುವ ಈ ದನ ಮಧ್ಯಮ ಗಾತ್ರದ್ದು, ಗಟ್ಟಿಮುಟ್ಟಾದುದು, ಚುರುಕು, ಪಳಗಿಸುವುದು ಕಷ್ಟ, ಹಾಲು ಕಡಿಮೆ. ಆದರೆ ಎತ್ತಿನ ಓಟಕ್ಕೂ ಕಲ್ಲುಬೆಟ್ಟದ ಉಳುಮೆಗೂ ಇದಕ್ಕೆ ಸಮವಾದುದು ಅಪರೂಪ. ಬಣ್ಣದ ಮಾತಿಗೆ ಬಂದರೆ, ಕಂದಿನ ಮೇಲೆ ಬಿಳಿ ಎಂಬುದು ಸಾಮಾನ್ಯ ಲಕ್ಷಣ. ಪೂರ್ಣ ಬಿಳಿಯವೂ ಕಡುಗಂದಿನವೂ ಅಲ್ಲಲ್ಲಿ ಹುಟ್ಟುವುದುಂಟು ಎಂದು ತಳಿವಿವರಣೆಗಳೇ ಹೇಳುತ್ತವೆ. ಎಂದಮೇಲೆ ಆ ಪಡ್ಡೆ ಜಾತಿಗೆಟ್ಟುದಾಗಿರಲಿಲ್ಲ.

ಇದೇ ಜಗಳವನ್ನು ಕುದುರೆಯ ವಿಷಯದಲ್ಲಿ ಅಮೆರಿಕದವರು ಬಹುಕಾಲ ಆಡಿದ್ದಾರೆ. ಅವರು ಕಂಡುಕೊಂಡ ದಾರಿ ನಮಗೂ ಉಪಯುಕ್ತ. ಅಲ್ಲಿ ಅಪಲೂಸ ಎಂಬ ಚುಕ್ಕೆಗುದುರೆಯ ತಳಿಯಿದೆ. ಅದನ್ನು ಸಾಕಿದವರು ನೆಜ್ ಪರ್ಸ್ ಎಂಬ ಮೂಲನಿವಾಸಿ ಜನ. 1877ರ ಯುದ್ಧದಲ್ಲಿ ಸೋತು ಅವರು ಶರಣಾದ ಮೇಲೆ ಅವರ ಕುದುರೆಗಳು ಚೆಲ್ಲಾಪಿಲ್ಲಿಯಾದವು. ಅಳಿದುಳಿದವನ್ನು ಕಾಪಾಡಲು 1938ರಲ್ಲಿ ಒಂದು ಸಂಘ ಹುಟ್ಟಿತು. ಚುಕ್ಕೆಯೇ ಅದರ ಧ್ವಜ. ಆದರೆ ಚುಕ್ಕೆಯುಳ್ಳ ತಂದೆತಾಯಿಗಳಿಗೂ ಎಷ್ಟೋ ವೇಳೆ ಏಕವರ್ಣದ ಮರಿ ಹುಟ್ಟುತ್ತದೆ. ಅಂಥದನ್ನು ಏನು ಮಾಡುವುದು? ಚುಕ್ಕೆಯಿಲ್ಲದುದನ್ನು ಒಪ್ಪಿದರೆ ತಳಿಯ ಹೆಸರಿಗೇ ಅರ್ಥವಿಲ್ಲವೆಂದು ಒಂದು ಪಕ್ಷ. ರಕ್ತ ಅದೇ ಆಗಿರುವಾಗ ಚರ್ಮವನ್ನು ನೋಡಿ ದೂಡುವುದು ಅನ್ಯಾಯವೆಂದು ಇನ್ನೊಂದು ಪಕ್ಷ. ಕೊನೆಗೆ ಸಂಘ ಮಧ್ಯಮ ಮಾರ್ಗ ಹಿಡಿಯಿತು. ಲಕ್ಷಣರಹಿತವೆಂಬ ಗುರುತಿನೊಡನೆ ಅಂಥ ಕುದುರೆಯನ್ನು ವಂಶಾವಳಿಯ ಪುಸ್ತಕಕ್ಕೆ ಸೇರಿಸಬಹುದು. ತಂದೆತಾಯಿ ಯಾವುವೆಂಬುದನ್ನು ಡಿಎನ್ಎ ಪರೀಕ್ಷೆಯಿಂದ ಸಿದ್ಧಪಡಿಸಿ, ಹೆಚ್ಚುವರಿ ಶುಲ್ಕ ತೆತ್ತು ಅನುಮತಿ ಪಡೆದರೆ ಸ್ಪರ್ಧೆಗೂ ಇಳಿಸಬಹುದು. ಸಂತಾನಕ್ಕೆ ಬಳಸುವಲ್ಲಿ ಮಾತ್ರ ನಿರ್ಬಂಧವಿದೆ. ದಂಡ ತೆರಬೇಕಾದುದೇಕೆ ಎಂದು ಕೇಳಬಹುದು. ನಮಗೂ ಅದು ಸರಿಕಾಣುವುದಿಲ್ಲ. ಆದರೂ ಬಾಗಿಲು ಮುಚ್ಚಿಲ್ಲ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಚುಕ್ಕೆಗೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಅದರ ಎರಡೂ ಪ್ರತಿಗಳನ್ನು ಪಡೆದ ಕುದುರೆಗೆ ಹುಟ್ಟಿನಿಂದಲೇ ಇರುಳುಗುರುಡು. ಹಗಲಿನಲ್ಲಿ ನಿರಾತಂಕವಾಗಿ ಓಡುವ ಪ್ರಾಣಿ ಕತ್ತಲಾದೊಡನೆ ಮುಗ್ಗರಿಸುತ್ತದೆ. ಚುಕ್ಕೆಯ ಆ ವಂಶವಾಹಿಯಿಲ್ಲದೆ ಹುಟ್ಟಿದ ಏಕವರ್ಣದ ಮರಿಗೆ ಈ ಕುಂದಿಲ್ಲ. ಅಷ್ಟೇ ಅಲ್ಲ, ಬಿಳಿಯ ಹರವನ್ನು ಹೆಚ್ಚಿಸುವ ಬೇರೊಂದು ವಂಶವಾಹಿಯನ್ನು ಅದು ಗುಪ್ತವಾಗಿ ಹೊತ್ತಿದ್ದು, ಚುಕ್ಕೆಯುಳ್ಳ ಸಂಗಾತಿಯೊಡನೆ ಕೂಡಿದಾಗ ಸೊಗಸಾದ ಮೈಯ ಮರಿಯನ್ನು ಕೊಡಬಲ್ಲದು. ಕಣದ ಹೊರಗೆ ನಿಲ್ಲಿಸಿದ್ದರ ಹೊಟ್ಟೆಯಲ್ಲಿ ಕಣದೊಳಗಿನ ಸೊಬಗಿರುತ್ತದೆ. ಕುದುರೆಯ ಈ ಲೆಕ್ಕವನ್ನು ದನಕ್ಕೆ ಹಾಗೆಯೇ ಅನ್ವಯಿಸಲಾಗದು; ದನದ ಮಚ್ಚೆಯ ಮೂಲ ಬೇರೆ. ಆದರೆ ಕಣ್ಣಿಗೆ ಕಾಣುವ ಬಣ್ಣವೇ ರಕ್ತದ ಪೂರ್ಣ ಕಥೆಯಲ್ಲ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಇಷ್ಟೆಲ್ಲ ಹೇಳಿಯೂ ಅಂದಿನ ತೀರ್ಪುಗಾರರನ್ನು ನಾವು ಪೂರ್ತಿ ದೂಷಿಸಲಾರೆವು. ಮುಡುಕುತೊರೆಯಲ್ಲಾಗಲಿ ಸುತ್ತೂರಿನಲ್ಲಾಗಲಿ ನಮ್ಮ ಜಾತ್ರೆಗಳ ಕಣ್ಣು ಪಳಗಿರುವುದು ಬೂದುಬಣ್ಣದ ಹಳ್ಳಿಕಾರಿನಿಂದ. ಅದರ ಎತ್ತರ, ಕೊಂಬಿನ ಏರು, ಮುಖದ ನೀಳ ಇವನ್ನು ಅಳೆಯಬಲ್ಲವರು ಬಹುಮಂದಿ. ಬರ್ಗೂರನ್ನು ಬಲ್ಲವರು ವಿರಳ. ಬಲ್ಲವರಲ್ಲದವರಿಗೆ ಮಚ್ಚೆಯೊಂದೇ ಊರುಗೋಲು. ಇನ್ನೂ ಒಂದು ಕಾರಣವುಂಟು: ಕಾಡಿನ ದೊಡ್ಡಿಯಲ್ಲಿ ವಂಶಾವಳಿಯ ಪುಸ್ತಕವಿಲ್ಲ. ಮಿಶ್ರತಳಿಯ ಕಂದು ಕರುವನ್ನು ತಂದು ಬರ್ಗೂರೆಂದು ನಿಲ್ಲಿಸುವವರೂ ಇರುತ್ತಾರೆ. ದಾಖಲೆಯಿಲ್ಲದೆಡೆ ಮಚ್ಚೆಯೇ ಸಾಕ್ಷಿ. ಮನುಷ್ಯನ ಕುಲವನ್ನು ಕೇಳಬಾರದೆಂದು ಶರಣರು ಕಲಿಸಿದರು, ಆ ಮಾತಿಗೆ ನಾವು ತಲೆಬಾಗಿದವರು. ಆದರೆ ರಾಸಿನ ಕಣದಲ್ಲಿ ನಿಂತವನು ಕುಲವನ್ನೇ ಕೇಳಬೇಕು. ಕೇಳಬೇಕಾದುದನ್ನು ಕೇಳದೆ ಚರ್ಮವನ್ನು ನೋಡಿ ಮುಗಿಸಿದ್ದೇ ಅಂದಿನ ತಪ್ಪು.

ಇರುವ ದನವೇ ಬೆರಳೆಣಿಕೆಯ ದೊಡ್ಡಿಗಳಿಗೆ ಇಳಿಯುತ್ತಿರುವ ಕಾಲವಿದು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮ ಘೋಷಿತವಾಯಿತು. ಆಚೆಯ ಬರ್ಗೂರು ಬೆಟ್ಟಗಳಲ್ಲಿ 2024ರ ಜನವರಿಯಲ್ಲಿ ತಂದೈ ಪೆರಿಯಾರ್ ಧಾಮ ಬಂದಿತು. ಕಾಡಿಗೂ ತನ್ನ ಹಕ್ಕುಂಟು, ಆ ವಾದಕ್ಕೆ ಇಲ್ಲಿ ಹೋಗುವುದಿಲ್ಲ. ಮೇವಿನ ನೆಲ ಕುಗ್ಗಿದಷ್ಟೂ ಸಾಕುವವನು ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಮಾರಲಿ ಎಂದು ಎಣಿಸುತ್ತಾನೆ. ಕಣದಲ್ಲಿ ಬೆಲೆಯಿಲ್ಲದುದನ್ನು ಮೊದಲು ಮಾರುತ್ತಾನೆ. ಚಿಕ್ಕ ಹಿಂಡಿನಲ್ಲಿ ಬಣ್ಣವೊಂದಕ್ಕಾಗಿ ಒಳ್ಳೆಯ ಕಾಲು, ಒಳ್ಳೆಯ ಗರ್ಭ ಇವನ್ನು ಕಳೆದುಕೊಂಡರೆ ಉಳಿದವುಗಳಲ್ಲಿ ರಕ್ತಸಂಬಂಧ ಸಮೀಪವಾಗಿ ತಳಿಯೇ ಬಡವಾಗುತ್ತದೆ.

ಜಾತ್ರಾ ಸಮಿತಿಗಳಲ್ಲಿರುವ ನಮ್ಮ ಬಂಧುಗಳಲ್ಲಿ ಒಂದು ನಿವೇದನೆಯಿದೆ. ಬರ್ಗೂರಿನ ಸ್ಪರ್ಧೆಯಲ್ಲಿ ಏಕವರ್ಣದವುಗಳಿಗೆ ಬೇರೆ ಸಾಲೊಂದನ್ನು ಇಡಿ. ತಾಯಿಯನ್ನು ಜೊತೆಗೆ ತರಬೇಕೆಂದು ನಿಯಮ ಮಾಡಿ. ಕಾಲಿನ ಕಟ್ಟು, ನಡಿಗೆ, ಗೊರಸು, ಸ್ವಭಾವ ಇವಕ್ಕೆ ಅಂಕ ಕೊಡಿ. ಬೀಜದ ಹೋರಿಯನ್ನು ಆರಿಸುವಾಗ ಮಚ್ಚೆಯದನ್ನೇ ಆರಿಸುವುದಾದರೆ ಅದಕ್ಕೆ ನಮ್ಮ ಆಕ್ಷೇಪವಿಲ್ಲ; ತಳಿಯ ಮುಖ ಉಳಿಯಬೇಕಷ್ಟೆ. ಹೆಣ್ಣುಗರುವನ್ನು ಮಾತ್ರ ಬಣ್ಣದ ನೆಪದಲ್ಲಿ ಕಳೆಯಬೇಡಿ. ಪಶುವೈದ್ಯ ಇಲಾಖೆಯವರು ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆಯಿದೆಯಲ್ಲ, ಕರುವಿನ ಸಂಖ್ಯೆಯ ಪಕ್ಕದಲ್ಲಿ ತಾಯಿಯ ಸಂಖ್ಯೆಯನ್ನೂ ಹೋರಿಯ ಸಂಖ್ಯೆಯನ್ನೂ ಮನೆಯ ಹೆಣ್ಣುಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಅದೇ ನಮ್ಮ ವಂಶಾವಳಿಯ ಮೊದಲ ಪುಟ.

ಕಳೆದ ಬಾರಿ ಲೊಕ್ಕನಹಳ್ಳಿಯ ದಾರಿಯಲ್ಲಿ ಹೋಗುವಾಗ ಆ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ತಾಯಿ ಹಸು ಮತ್ತೆ ಈದಿದೆ. ನೋಟುಪುಸ್ತಕ ಇಟ್ಟಿದ್ದೀರಾ ಎಂದು ಕೇಳಿದೆವು. ಹುಡುಗಿ ಒಳಗಿನಿಂದ ತಂದು ತೋರಿಸಿದಳು: ಕರುವಿನ ಸಂಖ್ಯೆಯಿತ್ತು, ತಾಯಿಯದೂ ಇತ್ತು. ಹೋರಿಯ ಸಾಲು ಖಾಲಿ. ಆ ಮಳೆಗಾಲದಲ್ಲಿ ದೊಡ್ಡಿಯಲ್ಲಿ ಮೂರು ಹೋರಿಗಳಿದ್ದುವಂತೆ.