ಪಾಳಿ ಮತ್ತು ಪಾಲು: ಪಹಣಿ ದತ್ತಸಂಚಯದ ಹೊರೆ ಹಂಚಿಕೆ

ಯಾದಗಿರಿ, ಶಹಾಪುರ, ಸುರಪುರ ಭಾಗದ ಆಡುಮಾತಿನಲ್ಲಿ ‘ಪಾಳಿ’ ಎಂಬುದು ಸರದಿಯೂ ಹೌದು, ಸಾಲೂ ಹೌದು. ಕಾಲುವೆಯ ನೀರಿಗೂ ಪಾಳಿ, ಪಹಣಿಯ ಕಿಟಕಿಗೂ ಪಾಳಿ. ಈಚಿನ ದಶಕಗಳಲ್ಲಿ ಇದರ ಜೊತೆಗೆ ‘ಸರ್ವರ್ ಇಲ್ರಿ’ ಎಂಬ ಮಾತೂ ಸೇರಿಕೊಂಡು, ‘ಸಾಹೇಬ್ರು ಇಲ್ರಿ’ ಎಂಬ ಹಳೆಯ ಉತ್ತರದ ಜಾಗವನ್ನು ಹೆಚ್ಚುಕಡಿಮೆ ಆಕ್ರಮಿಸಿದೆ. ಯಂತ್ರ ಕೆಟ್ಟಾಗ ಮಾತ್ರವಲ್ಲ, ಹೊರೆಯಿಂದ ನಿಧಾನವಾದಾಗಲೂ ಇದೇ ಉತ್ತರ. ಈ ಎರಡನೆಯ ಸಂದರ್ಭವು ಮೂಲತಃ ಹಂಚಿಕೆಯ ಪ್ರಶ್ನೆಯಾಗಿದೆ.

ಹಂಚಿಕೆಯ ಕಷ್ಟ ಈ ಸೀಮೆಗೆ ಹೊಸದಲ್ಲ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ನೆಲೆಯೂರಿದ ಮೇಲೆ ಕೊನೆಯಂಚಿನ ಹೊಲಗಳಿಗೆ ನೀರು ತಲುಪುವುದು ದುಸ್ತರವಾಯಿತು. ವಾರಾಬಂದಿ, ಅಂದರೆ ‘ಚಾಲೂ-ಬಂದ್’ ಪದ್ಧತಿ, ಇಲ್ಲಿ ಪ್ರಸ್ತುತವಾಗುತ್ತದೆ.

ಪಹಣಿಯ ಪಾಳಿ ಯಂತ್ರಕ್ಕೆ ಸೇರಿದ್ದು ‘ಭೂಮಿ’ ಯೋಜನೆಯಿಂದ. 2000ದ ಆಸುಪಾಸಿನಲ್ಲಿ, ಈ ಮೂರೂ ತಾಲ್ಲೂಕುಗಳು ಇನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದಾಗ, ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಗಣಕಕ್ಕೆ ಏರಿದವು. ಆರಂಭದಲ್ಲಿ 15 ರೂಪಾಯಿಗೆ ಪಹಣಿ ದೊರೆಯುತ್ತಿತ್ತು. ಹಕ್ಕು ಬದಲಾವಣೆಯ ಅರ್ಜಿಗಳಿಗೆ ‘ಮೊದಲು ಬಂದದ್ದು ಮೊದಲು’ ಎಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ಹಿಂದಿನ ಅರ್ಜಿಯನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ಅವಕಾಶವನ್ನು ಹೀಗೆ ಅಧಿಕಾರಿಯ ಕೈಯಿಂದ ತೆಗೆಯಲಾಯಿತು. ಆಗ ತಾಲ್ಲೂಕಿಗೊಂದು ಸರ್ವರ್ ಇತ್ತು. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿ, ಎಲ್ಲ ತಾಲ್ಲೂಕುಗಳ ಹೊರೆ ಒಂದೆಡೆ ಕೂಡಿತು.

ಆದರೆ ದತ್ತಸಂಚಯದ ಒಳಗೆ ಪಾಳಿಯೊಂದೇ ಸಾಲದು. ಪಹಣಿಯ ಮುದ್ರಣ ಕ್ಷಣದ ಕೆಲಸ. ಒಂದು ದಾಖಲೆಯನ್ನು ಓದಿದರಾಯಿತು. ಜಿಲ್ಲೆಯ ಬೆಳೆವಾರು ಲೆಕ್ಕ ತೆಗೆಯುವುದು ಹಾಗಲ್ಲ. ಅದು ಲಕ್ಷಾಂತರ ದಾಖಲೆಗಳನ್ನು ಜಾಲಾಡುತ್ತದೆ, ಸಂಸ್ಕಾರಕವನ್ನು ಹಿಡಿದಿಡುತ್ತದೆ, ಕಿಟಕಿಯ ಕೆಲಸಕ್ಕೆಂದು ಸ್ಮೃತಿಯಲ್ಲಿದ್ದ ಪುಟಗಳನ್ನು ಹೊರದಬ್ಬುತ್ತದೆ. ಬೆಳೆವಿಮೆಯ ಕೊನೆಯ ದಿನಗಳಲ್ಲಿ ಇಂಥದೊಂದು ಕೆಲಸ ನಡುವೆ ಬಂದರೆ ಕಿಟಕಿಯ ಮುಂದಿರುವವನು ಗಡುವು ತಪ್ಪಿಸಿಕೊಳ್ಳುತ್ತಾನೆ.

ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕೆಲಸಗಳನ್ನು ಗುಂಪುಮಾಡಿ ಪಾಲು ಗೊತ್ತುಪಡಿಸುವುದು. ಒರಾಕಲ್‌ನಲ್ಲಿ ಈ ಸೌಲಭ್ಯ 8ಐ ಆವೃತ್ತಿಯಿಂದ, ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2008ರ ಆವೃತ್ತಿಯಿಂದ ಇದೆ. ಎರಡನೆಯದರಲ್ಲಿ ಪ್ರತಿ ಪಾಲಿಗೆ ಖಾತರಿಯ ಕನಿಷ್ಠ ಮಿತಿಯೂ ಗರಿಷ್ಠ ಮಿತಿಯೂ ಇರುತ್ತದೆ. ಸಂಸ್ಕಾರಕದ ಸಾಮಾನ್ಯ ಗರಿಷ್ಠ ಮಿತಿ ಪೈಪೋಟಿ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಇಲ್ಲದಾಗ ಬಿಡುವಾದ ಶಕ್ತಿ ಬೇಕಾದವರ ಕಡೆ ಹರಿಯುತ್ತದೆ. ಖಾತರಿಗಳ ಮೊತ್ತ ನೂರಕ್ಕೆ 100 ಮೀರುವಂತಿಲ್ಲ. ಇರುವ ನೀರಿಗಿಂತ ಹೆಚ್ಚು ಎಕರೆಗೆ ಮಾತು ಕೊಡುವುದನ್ನು ಯಂತ್ರ ಒಪ್ಪುವುದಿಲ್ಲ. ಈ ವಿಷಯದಲ್ಲಿ ಅದು ಮನುಷ್ಯರಿಗಿಂತ ಕಟ್ಟುನಿಟ್ಟು.

ಯಾರು ಯಾವ ಗುಂಪಿಗೆ ಎಂಬುದು ಸಂಪರ್ಕ ಏರ್ಪಡುವಾಗಲೇ, ಬಳಕೆದಾರನ ಅಥವಾ ಅನ್ವಯದ ಹೆಸರಿನಂಥ ಗುರುತುಗಳಿಂದ ತೀರ್ಮಾನವಾಗುತ್ತದೆ. ಕಿಟಕಿಯೂ ಲೆಕ್ಕವಿಭಾಗವೂ ಒಂದೇ ಗುರುತು ಹೇಳಿಕೊಂಡು ಬಂದರೆ ಸರ್ವರಿಗೆ ಭೇದ ತಿಳಿಯದು, ಪಾಲುಗಳೆಲ್ಲ ಕಾಗದದ ಮೇಲಿನವೇ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ತಿದ್ದುತ್ತಿರುವ ದಾಖಲೆಗೆ ಬೀಗ ಬೀಳುತ್ತದೆ. ಸಾವಿರಾರು ದಾಖಲೆಗಳನ್ನು ಒಮ್ಮೆಗೆ ತಿದ್ದುವ ಕೆಲಸಕ್ಕೆ ಸಣ್ಣ ಪಾಲು ಕೊಟ್ಟರೆ ಅದು ನಿಧಾನವಾಗಿ ಮುಗಿಯುತ್ತದೆ, ಬೀಗವೂ ಅಷ್ಟು ಹೊತ್ತು ಉಳಿಯುತ್ತದೆ. ದೊಡ್ಡ ಪಾಲು ಪಡೆದ ಕಿಟಕಿಯೂ ಕಾಯಬೇಕಾಗುತ್ತದೆ. ಅಂಥ ಕೆಲಸಕ್ಕೆ ಪಾಲು ಕಡಿಮೆಮಾಡುವುದಕ್ಕಿಂತ ರಾತ್ರಿಯ ಪಾಳಿ ಕೊಡುವುದೇ ಲೇಸು.

ಅರ್ಜಿಯ ಪಾಳಿ ಶುರುವಾಗುವುದಾದರೂ ಅದು ನೋಂದಣಿಯಾದ ಕ್ಷಣದಿಂದ. ಅದಕ್ಕೆ ಮೊದಲು ಮೇಜಿನ ಮೇಲೆ ಕಳೆದ ದಿನಗಳು ಸರ್ವರಿನ ಯಾವ ಲೆಕ್ಕಕ್ಕೂ ಬರುವುದಿಲ್ಲ.